ಹಿಮಕ್ಕೆ ಬೋರಲು ಹಾಕಿದ ಹಂಚು

ಆ ಫೋನು ಬಂದ ಹೊತ್ತಿಗೆ ನಾನು ಫ್ರಿಜ್ಜಿನೊಳಗೆ ತಲೆ ಹಾಕಿ ಕೂತಿದ್ದೆ. ನಮ್ಮದು ಒಂದೇ ಬಾಗಿಲಿನ ಹಳೆಯ ಫ್ರಿಜ್ಜು. ಈಗಿನ ಫ್ರಿಜ್ಜುಗಳು ತಮ್ಮ ಬರ್ಫವನ್ನು ತಾವೇ ಕರಗಿಸಿಕೊಳ್ಳುತ್ತವಂತೆ; ನಮ್ಮದಕ್ಕೆ ಅಷ್ಟು ಶಾಣೇತನ ಇಲ್ಲ. ಮೇಲಿನ ಖಣದಲ್ಲಿ ಬರ್ಫ ಕಟ್ಟಿಕೊಂಡು ಕಟ್ಟಿಕೊಂಡು ಕಡೆಗೊಂದು ದಿನ ಬಟಾಣಿ ಡಬ್ಬಿಯನ್ನೇ ನುಂಗಿಬಿಡುತ್ತದೆ. ಸಂಕ್ರಾಂತಿ ಮುಂದೆ ಬಟಾಣಿ ಸಸ್ತಾ ಆದಾಗ ಸುಲಿದು ತುಂಬಿಟ್ಟ ಡಬ್ಬಿ ಅದು. ಅದರ ಮುಚ್ಚಳದ ಒಂದು ಕೆಂಪು ಮೂಲೆ ಮಾತ್ರ ಬರ್ಫದೊಳಗಿಂದ ಇಣುಕುತ್ತಿತ್ತು. ಪ್ಲಗ್ ತೆಗೆದು, ಒಳಗೊಂದು ಪಾತೇಲಿ ಕುದಿಯುವ ನೀರಿಟ್ಟು, ಕೆಳಗೆ ಹಳೆಯ ಟಾವೆಲ್ಲು ಹಾಸಿ, ಮರದ ಸೌಟಿನಿಂದ ಮೆಲ್ಲಗೆ ಕೆರೆಯುತ್ತಿದ್ದೆ.

ಟಾವೆಲ್ಲಿಗೆ ಮಾತ್ರ ನಮ್ಮ ಮನೆಯಲ್ಲಿ ಬರ ಇಲ್ಲ. ನಮ್ಮನೆಯವರು ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನ ಒಂದು ಪವರ್‌ಲೂಮ್ ಕಾರಖಾನೆಯಲ್ಲಿ ಕಾರಕೂನರು. ಅಂಚು ಸೊಟ್ಟಾದ ಟಾವೆಲ್ಲು, ಹೂವು ಅರ್ಧಕ್ಕೇ ನಿಂತ ಚಾದರು ಎಲ್ಲ ನಮ್ಮ ಮನೆಯ ದಾರಿ ಹಿಡಿಯುತ್ತವೆ. ಸೋಲಾಪುರದಲ್ಲಿದ್ದುಕೊಂಡು ಹೊದೆಯುವುದಕ್ಕೆ ಕಡಿಮೆಯಾಯಿತು ಅಂದರೆ ದೇವರು ಬೈದಾನು.

ಕೆರೆಯುವಾಗ ಒಂದು ಮೋಜು ಕಂಡೆ. ಗೋಡೆಗೆ ಹತ್ತಿದ ಬರ್ಫ ಮೆತ್ತಗೆ, ಬೆಳ್ಳಗೆ, ಹಿಂಜಿದ ಅರಳೆಯ ಹಾಗಿತ್ತು. ಸೌಟು ಸೋಕಿದರೆ ಸಾಕು, ಪುಡಿಪುಡಿಯಾಗಿ ಉದುರುತ್ತಿತ್ತು. ಹಾಲಿನ ಪಾಕೀಟಿನ ಬುಡದಿಂದ ನೀರು ಸೋರಿ ಗಟ್ಟಿಯಾದ ಕಡೆ ಮಾತ್ರ ಬರ್ಫ ಗಾಜಿನ ಹಾಗೆ. ತಳದ ಬಣ್ಣ ಆರಪಾರ ಕಾಣುತ್ತಿತ್ತು, ಸೌಟು ಇಟ್ಟರೆ ಜಾರುತ್ತಿತ್ತು. ಒಂದೇ ಡಬ್ಬಿಯೊಳಗೆ, ಒಂದೇ ಥಂಡಿಯಲ್ಲಿ ಎರಡು ಥರ. ಒಂದು ತಾಯಿಯ ಹೊಟ್ಟೆಯಲ್ಲಿ ನನ್ನ ಇಬ್ಬರು ಹೆಣ್ಣುಮಕ್ಕಳು ಹುಟ್ಟಿಲ್ಲವೇ, ಹಾಗೆ. ದೊಡ್ಡವಳು ನಂದಾ ಮುಟ್ಟಿದರೆ ಉದುರುತ್ತಾಳೆ, ಸಣ್ಣವಳು ರೂಪಾಳ ಮೇಲೆ ಏನಿಟ್ಟರೂ ಜಾರುತ್ತದೆ. ನಾನು ಹೀಗೆ ನನ್ನಷ್ಟಕ್ಕೆ ನಗುತ್ತಿದ್ದಾಗಲೇ ನಂದಾ ಒಳಗಿನ ಖೋಲಿಯಿಂದ ಬಂದಳು. ಹೆಗಲ ಮೇಲೆ ಕೂಸು, ಕೈಯಲ್ಲಿ ಫೋನು.

"ಅವ್ವಾ, ಅವರ ಫೋನ್ ಬಂದೈತಿ. ಬರ್ಫ ಬೀಳಾಕತ್ತೈತಂತ. ರಸ್ತಾ ಬಂದ್ ಮಾಡ್ಯಾರಂತ. ಗಾಡಿ ಘಾಟಿನ್ಯಾಗ ನಿಂತೈತಂತ."

ಅವರು ಅಂದರೆ ಬೀರು, ನನ್ನ ಅಳಿಯ. ನನ್ನ ಅಣ್ಣನ ಮಗನೇ. ಅಕ್ಕಲಕೋಟದ ಹತ್ತಿರದ ಹಳ್ಳಿ ನಮ್ಮ ತವರು, ಕುರಿ ಸಾಕುವ ಮನೆತನ. ಬೀರೋಬಾ, ಅಂದರೆ ಬೀರಪ್ಪ, ನಮ್ಮ ಮನೆದೇವರು, ಅವನ ಹೆಸರೇ ಇವನಿಗಿಟ್ಟದ್ದು. ಕುರಿ ಹಿಂದೆ ನಡೆಯುವುದು ಬೇಸರವಾಗಿ ಲಾರಿ ಹಿಡಿದ. "ಅತ್ತೀ, ಕುರಿ ಹೋದಲ್ಲಿ ನಾ ಹೋಗಬೇಕು, ಲಾರಿ ನಾ ಅಂದಲ್ಲಿ ಬರ್ತೈತಿ" ಅನ್ನುತ್ತಿದ್ದ. ನನ್ನ ಕೈತುತ್ತು ತಿಂದು ಬೆಳೆದ ಹುಡುಗ. ಲಗ್ನವಾದ ಮೇಲೆ ಮರ್ಯಾದೆಗೆಂದು ನನಗೆ "ರಿ" ಹಚ್ಚಿ ಮಾತಾಡಲು ನೋಡಿದ. ಒಂದು ಊಟ ಮುಗಿಯುವಷ್ಟರಲ್ಲಿ ಇಬ್ಬರಿಗೂ ನಗು ತಡೆಯದೆ ಬಿಟ್ಟುಬಿಟ್ಟೆವು.

ಸೋಲಾಪುರದ್ದೇ ಚಿಂಚೋಳಿ ಎಂಐಡಿಸಿಯ ಗೋದಾಮಿನಿಂದ ಚಾದರು ತುಂಬಿಕೊಂಡು ಅವನು ಕಾಶ್ಮೀರದ ಕಡೆ ಹೊರಟಾಗ ನಂದಾಳ ಹೆರಿಗೆಗೆ ಇನ್ನೂ ದಿನ ಇತ್ತು. ಕೂಸಿಗೆ ಅವಸರ, ಅಪ್ಪ ದಿಲ್ಲಿ ದಾಟುವುದರೊಳಗೆ ಬಂದುಬಿಟ್ಟಿತು. ಹೆಣ್ಣು ಕೂಸು, ತಲೆ ತುಂಬ ಕೂದಲು, ಆರೋಗ್ಯವಾಗಿದೆ. ಅದಕ್ಕಿಂತ ಹೆಚ್ಚು ಏನು ಬೇಡಲಿ? ಬೀರು ಮಗಳನ್ನು ನೋಡಿದ್ದೆಲ್ಲ ಮೊಬೈಲಿನಲ್ಲೇ. ತೊಟ್ಟಿಲಲ್ಲಿ ಹಾಕಿ ಹೆಸರಿಡುವುದನ್ನೂ ಅವನ ಸಲುವಾಗಿಯೇ ಮುಂದೆ ಹಾಕಿದ್ದೆವು. ಹಾಗಾಗಿ ಮನೆಯಲ್ಲಿ ಕೂಸು ಇನ್ನೂ ಬರೀ ಕೂಸೇ.

ಕೈ ಒರೆಸಿಕೊಂಡು ಫೋನು ತೆಗೆದುಕೊಂಡೆ.

"ಬೀರೂ, ಊಟ ಆತೇನೋ?"

ನಂದಾ ಕಣ್ಣು ಕೆಕ್ಕರಿಸಿದಳು. ಅಷ್ಟು ದೂರ, ಬರ್ಫದಲ್ಲಿ ಸಿಕ್ಕವನಿಗೆ ಮೊದಲು ಕೇಳುವ ಮಾತೇ ಇದು? ಏನು ಮಾಡಲಿ, ನನ್ನ ಬಾಯಿಗೆ ಮೊದಲು ಬರುವುದು ಅದೇ.

"ಆಗೇತಿ ಅತ್ತಿ. ನೀ ಕೊಟ್ಟ ಕಡಕ್ ರೊಟ್ಟಿ ಇನ್ನೂ ಅದಾವು. ಹೆದರಬ್ಯಾಡ. ಮುಂದೂ ಗಾಡಿ, ಹಿಂದೂ ಗಾಡಿ, ಜಾತ್ರಿ ಆಗೇತಿ ಇಲ್ಲಿ. ಬರ್ಫ ಬೀಳಾಕತ್ತೈತಿ ನೋಡು, ಹಿಂಜಿದ ಉಣ್ಣಿ ಹಾರಿದಂಗ. ನಮ್ಮ ಕುರಿ ಉಣ್ಣಿ ಕತ್ತರಸೂ ಮುಂದ ಹಾರ್ತೈತಲ್ಲಾ, ಹಂಗ."

"ಥಂಡಿ?"

"ಮುತ್ಯಾನ ಕಂಬಳಿ ಐತಿ. ಅದರೊಳಗ ಹೊಕ್ಕರ ಥಂಡಿ ಹೊರಗ."

ಮುತ್ಯಾ ಅಂದರೆ ಅವನ ಅಜ್ಜ, ನನ್ನ ಅಪ್ಪ. ಕರಿ ಕುರಿಯ ಉಣ್ಣೆಯ ಆ ಕಂಬಳಿಯನ್ನು ಬೀರು ಲಾರಿ ಹಿಡಿದ ದಿನ ನಾನೇ ಕೊಟ್ಟಿದ್ದೆ. "ಗಾಡಿ ತುಂಬ ಚಾದರು ಇದಾವ, ಈ ಚುಚ್ಚೂ ಕಂಬಳಿ ಯಾಕ?" ಎಂದು ನಮ್ಮನೆಯವರು ನಕ್ಕಿದ್ದರು. ಗಾಡಿಯ ಮಾಲು ಸೀಲ್ ಆಗಿರುತ್ತದೆ, ಮುಟ್ಟುವ ಹಾಗಿಲ್ಲ ಎಂಬುದು ಕಾರಖಾನೆಯ ಕಾರಕೂನರಿಗೆ ಗೊತ್ತಿಲ್ಲದ್ದೇನಲ್ಲ. ನಗಬೇಕಿತ್ತು, ನಕ್ಕರು.

ಫೋನು ಕಟ್ ಆಯಿತು. ನಂದಾ ಗೋಡೆಗೆ ಒರಗಿ ಕೂತು ಕೂಸಿನ ಬೆನ್ನು ತಟ್ಟುತ್ತಲೇ ಇದ್ದಳು, ಕೂಸು ಮಲಗಿದ ಮೇಲೂ. ಬಾಣಂತಿ. ಅವಳ ಮುಂದೆ ನಾನು ಹೆದರುವ ಹಾಗಿರಲಿಲ್ಲ. ನಾನು ಸೀದಾ ಅಡುಗೆಮನೆಗೆ ಹೋಗಿ ರೊಟ್ಟಿ ಹಂಚು ತೆಗೆದುಕೊಂಡು, ಗ್ಯಾಲರಿಗೆ ಬಂದು, ತುಳಸಿಯ ಕುಂಡದ ಪಕ್ಕ ನೆಲದ ಮೇಲೆ ಬೋರಲು ಹಾಕಿದೆ. ಅದರ ಕರಿ ಬೆನ್ನಿನ ಮೇಲೆ ಒಂದು ಚಿಟಿಕೆ ಭಂಡಾರ, ಅಂದರೆ ಬೀರೋಬಾನ ಅರಿಷಿಣ ಹಚ್ಚಿ, ಕೈಮುಗಿದು ಅಂದೆ: "ಯಪ್ಪಾ ಬೀರೋಬಾ, ಆ ಬರ್ಫ ಒಂದು ನಿಲ್ಲಸು."

ಓದುವವರು ನಗಬಹುದು, ಅಡ್ಡಿಯಿಲ್ಲ. ಇದು ನಮ್ಮ ಅಜ್ಜಿಯಿಂದ ಬಂದದ್ದು. ನಮ್ಮ ಹಳ್ಳಿಯಲ್ಲಿ ಬರ್ಫ ಎಲ್ಲಿಯದು? ನಮಗೆ ಗೊತ್ತಿದ್ದದ್ದು ಆಣಿಕಲ್ಲು. ಬ್ಯಾಸಿಗೆ ಮೂಡುವ ಹೊತ್ತಿಗೆ, ಜೋಳದ ರಾಶಿ ಕಣದಲ್ಲಿರುವಾಗ, ಮಧ್ಯಾಹ್ನ ಸುಮ್ಮನೆ ಕುದಿಯುತ್ತಿದ್ದ ಆಕಾಶ ಒಮ್ಮೆಲೇ ಕರ್ರಗಾಗುತ್ತಿತ್ತು. ಮೊದಲು ಮಣ್ಣಿನ ವಾಸನೆ, ಆಮೇಲೆ ತಣ್ಣನೆಯ ಗಾಳಿ, ಆಮೇಲೆ ತಗಡಿನ ಪತ್ರಾಸಿನ ಮೇಲೆ ಯಾರೋ ಹುಣಸೇಬೀಜ ಎರಚಿದ ಹಾಗೆ ಟಣಟಣ. ಅಜ್ಜಿ ಎಲ್ಲಿದ್ದರೂ ಓಡಿಬಂದು ಒಲೆಯ ಮೇಲಿನ ಹಂಚನ್ನು ಎತ್ತಿ ಅಂಗಳಕ್ಕೆ ಒಗೆದು, ಬೋರಲು ಬಿದ್ದಿದೆಯೋ ಇಲ್ಲವೋ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಅಂಗಾತ ಬಿದ್ದಿದ್ದರೆ ನಮ್ಮಲ್ಲೊಬ್ಬರು ತಲೆಯ ಮೇಲೆ ಪುಟ್ಟಿ ಹೊತ್ತುಕೊಂಡು ಓಡಿ ಹೋಗಿ ತಿರುವಿ ಬರಬೇಕು. ಆ ಕೆಲಸಕ್ಕೆ ನಾವು ಜಗಳಾಡುತ್ತಿದ್ದೆವು, ಯಾಕೆಂದರೆ ಬರುವಾಗ ಕೈ ತುಂಬ ಆಣಿಕಲ್ಲು ಆರಿಸಿಕೊಂಡು ಬರಬಹುದು.

ಒಮ್ಮೆ ನಾನು ಆರಿಸಿದ ಆಣಿಕಲ್ಲುಗಳನ್ನು ಅಣ್ಣ ತಿಂದುಬಿಟ್ಟಾನು ಎಂದು ಕತ್ತರಿಸಿಟ್ಟಿದ್ದ ಉಣ್ಣೆಯ ರಾಶಿಯೊಳಗೆ ಬಚ್ಚಿಟ್ಟೆ. ಎಲ್ಲರೂ ನಕ್ಕರು. ಉಣ್ಣೆ ಬೆಚ್ಚಗೆ, ಅದರೊಳಗೆ ಬರ್ಫ ಉಳಿಯುತ್ತದೆಯೇ, ಹುಚ್ಚಿ? ಸಂಜೆಗೆ ಕೈ ಹಾಕಿ ನೋಡಿದರೆ ಉಳಿದಿದ್ದವು! ಹೊರಗಿನವೆಲ್ಲ ಕರಗಿ ನೀರಾಗಿದ್ದವು. ನನ್ನವು ಮಾತ್ರ ಸಣ್ಣಗಾಗಿ, ಕೂದಲು ಮೆತ್ತಿಕೊಂಡು, ಕುರಿವಾಸನೆ ಹೊಡೆಯುತ್ತ ಇದ್ದವು. ಅಣ್ಣನ ಮುಂದೆ ಕುರಿವಾಸನೆಯ ಬರ್ಫವನ್ನೇ ಚಪ್ಪರಿಸಿ ತಿಂದೆ. ಉಣ್ಣೆ ತಾನಾಗಿ ಬಿಸಿ ಮಾಡುವುದಿಲ್ಲ, ಒಳಗಿನದನ್ನು ಒಳಗೆ ಇಡುತ್ತದೆ, ಹೊರಗಿನದನ್ನು ಹೊರಗೆ ಇಡುತ್ತದೆ ಎಂದು ಎಷ್ಟೋ ವರ್ಷದ ಮೇಲೆ ರೂಪಾ ಹೇಳಿದಳು. ನನಗೆ ಅಷ್ಟು ಹೊತ್ತಿಗೇ ನಾಲಿಗೆಯಿಂದ ಗೊತ್ತಾಗಿತ್ತು.

ಎಲ್ಲಿದ್ದೆ? ಹಂಚು. ಮಧ್ಯಾಹ್ನ ನಮ್ಮನೆಯವರು ಊಟಕ್ಕೆ ಬಂದರು. ಕಾರಖಾನೆ ಹತ್ತಿರ, ದಿನಾ ಬಿಸಿರೊಟ್ಟಿಗೆ ಬರುವುದು ಅವರ ರೂಢಿ. ತಾಟಿನಲ್ಲಿ ಕಡಕ್ ರೊಟ್ಟಿ ಮುರಿದು ಹಾಕಿದ್ದು ಕಂಡು ನನ್ನ ಮುಖ ನೋಡಿದರು.

"ಏನಿದು, ಯಾತ್ರಾಕ ಹೊಂಟೇವೇನು?"

"ಹಂಚು ಕೆಲಸದ ಮ್ಯಾಲ ಐತಿ," ಅಂದೆ.

ಎದ್ದುಹೋಗಿ ಗ್ಯಾಲರಿ ನೋಡಿ ಬಂದರು. ಬೀರುವಿನ ಸುದ್ದಿ ನಂದಾ ಫೋನಿನಲ್ಲಿ ಅವರಿಗೆ ಹೇಳಿದ್ದಳು. ಮುಖ ಗಂಭೀರವಾಗಿತ್ತು, ಮಾತು ಮಾತ್ರ ಹಾಗೇ.

"ಅಲ್ಲಾ, ಬರ್ಫ ಬೀಳಾಕತ್ತಿದ್ದು ಕಾಶ್ಮೀರದಾಗ. ಹಂಚು ಸೋಲಾಪುರದಾಗ. ಇಷ್ಟು ದೂರ ರೇಂಜ್ ಹತ್ತತೈತೇನು?"

"ದೇವರಿಗೆ ಟಾವರ್ ಬೇಕಾಗಂಗಿಲ್ಲ. ಉಣ್ರಿ."

ಉಂಡರು. ರೊಟ್ಟಿಯನ್ನು ಬಿಸಿ ಬ್ಯಾಳಿಯಲ್ಲಿ ನೆನೆಹಾಕಿ, ಮೇಲೆ ಶೇಂಗಾ ಚಟ್ನಿ, ಎಣ್ಣೆ. ಹೊಗಳುತ್ತಲೇ ಉಂಡರು. ತಟ್ಟಿ ಒಣಗಿಸಿಟ್ಟ ಒಂದು ಡಬ್ಬಿ ರೊಟ್ಟಿ ಮನೆಯಲ್ಲಿತ್ತಲ್ಲ, ಅದೇ ದೇವರ ದಯೆ. ಇಲ್ಲದಿದ್ದರೆ ಭಕ್ತಿಯೂ ಹಸಿವೂ ನಮ್ಮ ಮನೆಯಲ್ಲಿ ಒಂದೇ ಹಂಚಿಗೆ ಜಗಳಾಡುತ್ತಿದ್ದವು.

ಅವರು ಹೋಗಿ ಸ್ವಲ್ಪ ಹೊತ್ತಿಗೆ ಬೀರುವಿನ ಮೆಸೇಜು ಬಂತು. ಬರ್ಫ ನಿಂತಿದೆ, ಮಳೆ ಶುರುವಾಗಿದೆ. ನಂದಾ ಓದಿ ಹೇಳಿದ್ದೇ ತಡ, ನಾನು ದೇವರ ಮುಂದೆ ಸಕ್ಕರೆ ಇಟ್ಟೆ. ನಂದಾಳ ಬಾಯಿಗೆ ಒಂದಿಷ್ಟು, ನನ್ನ ಬಾಯಿಗೆ ಒಂದಿಷ್ಟು. ಮಳೆ ಬಂದರೆ ಬರ್ಫ ತೊಳೆದು ಹೋಗುತ್ತದೆ, ರಸ್ತೆ ತೆರೆಯುತ್ತದೆ, ಇಷ್ಟೇ ನನ್ನ ಲೆಕ್ಕ. ನಾನು ಬೇಡಿದ್ದು ನಿಲ್ಲಸು ಎಂದು, ಅವನು ನಿಲ್ಲಿಸಿದ. ಒಂದು ಕ್ಷಣ, ಸುಳ್ಳು ಯಾಕೆ ಹೇಳಲಿ, ನನಗೆ ಸ್ವಲ್ಪ ಜಂಬವೇ ಬಂತು. ಸಂಜೆ ನಮ್ಮನೆಯವರಿಗೆ ಏನೆಂದು ಹೇಳಬೇಕು ಎಂಬ ಮಾತನ್ನೂ ಜೋಡಿಸಿಟ್ಟುಕೊಂಡೆ.

ಅಷ್ಟರಲ್ಲಿ ರೂಪಾ ಕಾಲೇಜಿನಿಂದ ಬಂದಳು. ಬಿಎಸ್ಸಿ ಓದುತ್ತಾಳೆ, ಮರಾಠಿ ಸಾಲಿಯಲ್ಲಿ ಕಲಿತವಳು. ನಾನು ಹೀಗೆ ಕನ್ನಡದಲ್ಲಿ ಬರೆದದ್ದನ್ನು ಅವಳಿಗೆ ನಾನೇ ಓದಿ ಹೇಳಬೇಕು. ಮೆಸೇಜು ನೋಡಿದವಳ ಮುಖ ಸಣ್ಣಗಾಯಿತು.

"ಅವ್ವಾ, ಸಕ್ಕರಿ ಆಮ್ಯಾಲ ಹಂಚು. ಮೊದಲ ಭಾವುಜಿಗೆ ಫೋನ್ ಹಚ್ಚು."

ಎಷ್ಟೋ ಸಲ ಹಚ್ಚಿದ ಮೇಲೆ ಹತ್ತಿತು. ಬೀರುವಿನ ದನಿಯಲ್ಲಿ ಮುಂಜಾನೆಯ ನಗು ಇರಲಿಲ್ಲ.

"ಅತ್ತೀ, ಮುಂಜಾನಿ ಚೊಲೋ ಇತ್ತು. ನಡುವ ಸಾಬೂದಾಣಿಹಂಗ ಸಣ್ಣ ಸಣ್ಣ ಕಾಳು ಬಿದ್ದೂವು. ಆಮ್ಯಾಲ ಮಳಿ ಹತ್ತಿತು. ಮಳಿ ಅಲ್ಲದು. ಬಿದ್ದ ಹನಿ ಬಿದ್ದಲ್ಲೇ ಗಾಜಾಗಾಕತ್ತೈತಿ. ಗಾಡಿ ಮುಂದಿನ ಕಾಚು, ಹಗ್ಗ, ಗಿಡ, ಎಲ್ಲಾ ಗಾಜು. ರಸ್ತಾನ ಮ್ಯಾಲ ನಿಂದ್ರಾಕ ಬರವಲ್ದು. ನಮ್ಮ ಮುಂದಿನ ಗಾಡಿ, ಡ್ರೈವರ್ ಕೆಳಗ ಇಳದಾನ, ಗಾಡಿ ತಾನ ಮೆಲ್ಲಕ ಜಾರಿ ಕೆಳಗಿನ ಆಳದ ದರಿ ಕಡೆ ತಿರುಗಿ ನಿಂತೈತಿ."

"ನಿಮ್ಮ ಗಾಡಿ?" ಎನ್ನುತ್ತ ನಂದಾ ನನ್ನ ಕೈಯಿಂದ ಫೋನು ಕಸಿದುಕೊಂಡಳು.

"ನಮ್ದು ನಿಂತೈತಿ. ನಾನೂ ಕ್ಲೀನರೂ ಗಾಲಿಗೆ ಕಲ್ಲು ಕೊಟ್ಟೇವಿ, ಕಲ್ಲೂ ಜಾರಾಕತ್ತಿದ್ದುವು. ಅತ್ತಿಗೆ ಹೇಳು, ಬೀರೋಬಾನ ಮುಂದ ಕೂತಿದ್ರ ಬರ್ಫ ಬೀಳಲಿ ಅಂತ ಬೇಡ್ಕೋ ಅನ್ನು. ಬರ್ಫಿನ ಮ್ಯಾಲ ಗಾಲಿ ಹಿಡೀತೈತಿ, ಸರಪಳಿ ಹಚ್ಚಾಕ ಬರ್ತೈತಿ. ಈ ಗಾಜಿಗೆ ಏನೂ ನಡ್ಯಂಗಿಲ್ಲ."

ಫೋನು ಮತ್ತೆ ಕಟ್.

ನನ್ನ ಬಾಯಲ್ಲಿ ಇನ್ನೂ ಸಕ್ಕರೆಯ ಸಿಹಿ ಇತ್ತು. ನಾನು ಬೇಡಿ ನಿಲ್ಲಿಸಿದ ಬರ್ಫವನ್ನು ಅವನು ತಿರುಗಿ ಬೇಡು ಅನ್ನುತ್ತಿದ್ದಾನೆ! ನಂದಾ ನನ್ನನ್ನು ನೋಡಿದಳು. ಅಂಗೈಯಿಂದ ಬಾಯಿಯ ಸಕ್ಕರೆ ಒರೆಸಿಕೊಂಡಳು.

"ಮಳಿ ಬಿದ್ರ ಬರ್ಫ ಕರಗಬೇಕಲ್ಲೇ ರೂಪಾ? ನೀರು ಬರ್ಫ ಆಗೂದು ಹೆಂಗ?"

ರೂಪಾ ನನ್ನನ್ನು ಫ್ರಿಜ್ಜಿನ ಮುಂದೆ ಕರೆದೊಯ್ದು ಕೂರಿಸಿದಳು. ಮುಂಜಾನೆ ತೆರೆದ ಬಾಗಿಲು ಹಾಗೇ ಇತ್ತು, ಕೆಳಗೆ ಟಾವೆಲ್ಲು ನೀರು ಕುಡಿದು ಉಬ್ಬಿತ್ತು.

"ಮ್ಯಾಲಿನ ಖಣ ಮೋಡ ಅನ್ಕೋ. ಅಲ್ಲೆ ಎಲ್ಲಾ ಬರ್ಫ ಆಗೇ ಹುಟ್ತೈತಿ. ಕೆಳಗ ಬರೂತನಕಾ ಗಾಳಿ ತಣ್ಣಗಿತ್ತಂದ್ರ ಬರ್ಫ ಆಗೇ ಬೀಳ್ತೈತಿ, ಭಾವುಜಿ ಅಂದ್ರಲ್ಲಾ, ಉಣ್ಣಿಹಂಗ. ಈಗ ನಡುವಿನ ಖಣದಾಗ ಬೆಚ್ಚನ್ನ ಗಾಳಿ ನುಗ್ಗಿತಂತ ತಿಳಿ. ನೀ ಬಿಸಿನೀರಿನ ಪಾತೇಲಿ ಇಟ್ಟಿದ್ಯಲ್ಲಾ, ಹಂಗ. ಬರ್ಫ ಅದರಾಗ ಹಾಯ್ದು ಬರೂ ಮುಂದ ಕರಗಿ ನೀರಾಗ್ತೈತಿ."

"ಹೌದಲ್ಲಾ, ನೀರಾತಲ್ಲಾ."

"ಕೇಳಿಲ್ಲಿ. ಕೆಳಗ, ಕಾಯಿಪಲ್ಲೆ ಇಡೂ ಡ್ರಾವರಿನ್ಯಾಗ, ಅಂದ್ರ ಗುಡ್ಡದ ನಡುವಿನ ದರಿಯೊಳಗ, ತಣ್ಣನ್ನ ಗಾಳಿ ಹಂಗ ಕೂತಿರ್ತೈತಿ. ತಣ್ಣನ್ನ ಗಾಳಿ ಜಡ ಇರ್ತೈತಿ, ಜಲ್ದಿ ಏಳಂಗಿಲ್ಲ. ಆ ತಣ್ಣನ್ನ ಪದರ ದಪ್ಪ ಇದ್ರ ಹನಿ ದಾರ್ಯಾಗ ಮತ್ತ ಗಟ್ಟಿ ಆಗ್ತೈತಿ. ಅದೇ ಸಾಬೂದಾಣಿ. ತೆಳ್ಳಗಿದ್ರ ಗಟ್ಟಿ ಆಗಾಕ ಪುರಸೊತ್ತು ಸಿಗಂಗಿಲ್ಲ. ಹನಿ ನೀರಾಗೇ ಬರ್ತೈತಿ, ಖರೆ ಮೈಯೆಲ್ಲಾ ಬರ್ಫಿಗಿಂತ ತಣ್ಣಗ. ರಸ್ತಾಕ್ಕ ಮುಟ್ಟಿತೋ ಇಲ್ಲೋ, ಗಾಜು."

ನಾನು ಖಣ ಖಣ ನೋಡಿದೆ. ಮುಂಜಾನೆ ಅಲ್ಲಿ ಮೇಲೆ ಅರಳೆಯಂಥ ಬರ್ಫ ಇತ್ತು, ತಳದಲ್ಲಿ ಸೋರಿದ ನೀರಿನ ಗಾಜು. ನನ್ನ ಸೌಟು ಜಾರಿದ್ದು ಆ ಗಾಜಿನ ಮೇಲೇ.

"ಹಂಗಾದ್ರ ನಮ್ಮ ಆಣಿಕಲ್ಲು?"

"ಅದು ಬ್ಯಾರೆ. ಅದು ಬ್ಯಾಸಗಿ ಮೋಡದ್ದು. ಗಾಳಿ ಕೆಳಗ ಬಿದ್ದದ್ದನ್ನ ಮತ್ತ ಮ್ಯಾಲ ಒಗೀತೈತಿ, ಮತ್ತ ಬೀಳ್ತೈತಿ, ಮತ್ತ ಒಗೀತೈತಿ. ಒಗದಾಗೊಮ್ಮೆ ಮೈಮ್ಯಾಲ ಒಂದು ಪದರ. ನೀ ಸಂಕ್ರಾಂತಿಗೆ ಕುಸುರೆಳ್ಳು ಮಾಡಿದ್ಯಲ್ಲಾ, ಎಳ್ಳನ್ನ ಪಾಕದಾಗ ಹೊಳ್ಳಿಸಿ ಹೊಳ್ಳಿಸಿ? ಹಂಗ."

ಕುಸುರೆಳ್ಳು! ಕೂಸಿನ ಮೊದಲ ಸಂಕ್ರಾಂತಿ ಎಂದು ಈ ಸಲ ಬೆರಳು ಸುಟ್ಟುಕೊಂಡು ಮಾಡಿದ್ದೆ. ಚಿಕ್ಕಂದಿನಿಂದ ಆರಿಸಿ ತಿಂದದ್ದೆಲ್ಲ ಮೋಡ ಮಾಡಿದ ಕುಸುರೆಳ್ಳು ಎಂದು ಯಾರೂ ಹೇಳಿರಲಿಲ್ಲ. ಬೇರೆ ದಿನವಾಗಿದ್ದರೆ ಈ ಮಾತಿಗೆ ಇಡೀ ಮಧ್ಯಾಹ್ನ ಸಂತೋಷಪಡುತ್ತಿದ್ದೆ. ಆವತ್ತು ಮನಸ್ಸು ಗ್ಯಾಲರಿಯಲ್ಲಿತ್ತು.

ಯಾಕೆಂದರೆ ಹಂಚನ್ನು ಈಗ ಏನು ಮಾಡಬೇಕು? ಬೋರಲು ಹಾಕಿದರೆ ಬರ್ಫ ನಿಲ್ಲುತ್ತದೆ ಎಂದಾದರೆ, ಬರ್ಫ ಬೇಕಾದಾಗ ಅಂಗಾತ ಹಾಕಬೇಕೇ? ಅಂಗಾತ ಹಾಕಿ, ಬರ್ಫವೇ ಹೆಚ್ಚಾಗಿ, ಗಾಡಿ ಮುಚ್ಚಿಹೋದರೆ? ದೇವರಿಗೆ ಒಮ್ಮೆ ಹಾಗೆ, ಒಮ್ಮೆ ಹೀಗೆ ಹೇಳಿದರೆ ಅವನಾದರೂ ಏನು ತಿಳಿದಾನು? ಮಕ್ಕಳು ಅಂಗಡಿಯಲ್ಲಿ ನಿಂತು ಅದು ಬ್ಯಾಡ, ಇದು ಕೊಡ್ರಿ ಅಂದ ಹಾಗೆ. ಗ್ಯಾಲರಿಯಲ್ಲಿ ಹಂಚಿನ ಮುಂದೆ ಕುಕ್ಕರಗಾಲಲ್ಲಿ ಕೂತೆ. ನಮ್ಮ ಸೋಲಾಪುರದ ಬಿಸಿಲು ಜನವರಿಯಲ್ಲೂ ಬಿಸಿಲೇ. ಹಂಚಿನ ಕರಿ ಬೆನ್ನು ಕೈ ಇಟ್ಟರೆ ಬೆಚ್ಚಗಿತ್ತು.

ಕೈ ಇಟ್ಟಾಗ ಅಜ್ಜಿಯ ನೆನಪು ಮತ್ತೆ ಬಂತು. ಈ ಸಲ ಆಣಿಕಲ್ಲು ಆರಿಸುವ ನೆನಪಲ್ಲ. ಒಂದು ಸಲ ಅಪ್ಪ ಮರಿ ಹಾಕಿದ ಕುರಿಗಳ ಜೊತೆ ಬಯಲಿನಲ್ಲೇ ಸಿಕ್ಕಿಕೊಂಡಿದ್ದ. ಅಜ್ಜಿ ಹಂಚು ಒಗೆದಳು. ಆಣಿಕಲ್ಲು ನಿಲ್ಲಲಿಲ್ಲ, ಇನ್ನೂ ಜೋರಾಗಿ ಬಿತ್ತು. ಆಮೇಲೆ ತಾನಾಗಿ ನಿಂತು, ಮಳೆ ಹತ್ತಿ, ಅದೂ ನಿಂತು, ಬಿಸಿಲು ಬಿತ್ತು. ಹಂಚು ಮಾತ್ರ ಅಂಗಳದಲ್ಲಿ ಬೋರಲೇ ಇತ್ತು. ನಮಗೆ ಹಸಿವು. "ಅಜ್ಜೀ, ನಿಂತಲ್ಲಾ, ಹಂಚು ತರ್ತೀನಿ" ಎಂದು ನಾನು ಹೋದರೆ ಕೈಹಿಡಿದು ಎಳೆದಳು.

"ಅಪ್ಪ ಒಳಗ ಬರಲಿ."

ಅಪ್ಪ ಸಂಜೆ ಬಂದ. ಮೈಮೇಲೆ ಅಂಗಿ ಒಂದೇ. ಕಂಬಳಿಯ ಜೋಳಿಗೆಯಲ್ಲಿ ಎಳೆಮರಿಗಳು ಕಣ್ಣು ಬಿಟ್ಟುಕೊಂಡು ಕೂತಿದ್ದವು. ಆಣಿಕಲ್ಲಿನ ಏಟಿಗೆ ಅಪ್ಪನ ತಲೆ ಅಲ್ಲಲ್ಲಿ ಬಾತಿತ್ತು. ಅಪ್ಪ ಹೊಸ್ತಿಲು ದಾಟಿದ ಮೇಲೆ ಅಜ್ಜಿ ತಾನೇ ಹೋಗಿ ಹಂಚು ಎತ್ತಿ, ಸೆರಗಿನಿಂದ ಒರೆಸಿ, ಒಲೆಯ ಮೇಲಿಟ್ಟಳು. ಅಷ್ಟು ಹೊತ್ತೂ ಅವಳು ಬಾಯಲ್ಲಿ ಗೊಣಗುತ್ತಿದ್ದದ್ದು ಈಗ ನನ್ನ ಕಿವಿಗೆ ಬಿದ್ದ ಹಾಗಾಯಿತು: "ಬೀರಪ್ಪಾ, ಹೊರಗಿದ್ದವನನ್ನ ಒಳಗ ತಾ." ನಿಲ್ಲಸು ಎಂದು ಅವಳು ಒಂದು ಸಲವೂ ಅಂದಿರಲಿಲ್ಲ. ಆ ಹಂಚು ಮೋಡಕ್ಕೆ ಹಾಕಿದ್ದಲ್ಲ, ಒಲೆಗೆ ಹಾಕಿದ್ದು. ಹೊರಗಿದ್ದವ ಬರುವ ತನಕ ಈ ಮನೆಯಲ್ಲಿ ರೊಟ್ಟಿ ಬೇಯುವುದಿಲ್ಲ, ಅಷ್ಟೇ. ಮಿಕ್ಕದ್ದನ್ನೆಲ್ಲ ನಾವು ಹುಡುಗರು ಸೇರಿಸಿಕೊಂಡಿದ್ದೆವು. ನಾನು ಆ ಹುಡುಗಿಯ ಬುದ್ಧಿಯಲ್ಲೇ ಅಜ್ಜಿಯಾಗಿಬಿಟ್ಟಿದ್ದೆ.

ಹಂಚನ್ನು ತಿರುವಲಿಲ್ಲ. ಭಂಡಾರ ಇನ್ನೊಂದು ಚಿಟಿಕೆ ಹಚ್ಚಿ, ಅಜ್ಜಿಯ ಮಾತನ್ನೇ ಅಂದೆ. ಬರ್ಫವೋ ಮಳೆಯೋ, ಎಷ್ಟು ದಪ್ಪದ ಗಾಳಿಯೋ, ಆ ಲೆಕ್ಕ ನಿನ್ನದು. ಹೊರಗಿದ್ದವನನ್ನ ಒಳಗ ತಾ. ಒಳಗೆ ಬಂದು ನಂದಾಳಿಗೆ ಇದನ್ನು ಹೇಳಿದೆ. ಅವಳು ಕೂಸನ್ನು ನನ್ನ ಮಡಿಲಿಗೆ ಹಾಕಿ, ತಾನೂ ಹೋಗಿ ಹಂಚಿಗೆ ಕೈಮುಗಿದು ಬಂದಳು. ಬಂದವಳು ಆ ದಿನದಲ್ಲಿ ಮೊದಲ ಸಲ ಉಣ್ಣಲು ಕೂತಳು. ಬಾಣಂತಿಗೆ ಕಡಕ್ ರೊಟ್ಟಿ ಬೇಡವೆಂದು ಅನ್ನ, ಬೆಳ್ಳುಳ್ಳಿ ಒಗ್ಗರಣೆ ಬಡಿಸಿದೆ. ಹಂಚಿನ ನೇಮ ಅನ್ನದ ಪಾತೇಲಿಗೆ ಇಲ್ಲ, ಅದು ದೇವರ ಇನ್ನೊಂದು ದಯೆ.

ಸಂಜೆ ನಮ್ಮನೆಯವರು ಬಂದಾಗ ನಾನು ಜೋಡಿಸಿಟ್ಟ ಜಂಬದ ಮಾತು ಯಾವುದೂ ಬಾಯಿಗೆ ಬರಲಿಲ್ಲ. ಅವರೂ ಚೇಷ್ಟೆ ಮಾಡಲಿಲ್ಲ. ಚಹಾ ಕುಡಿದು ಗ್ಯಾಲರಿಗೆ ಹೋಗಿ, ಹಂಚಿನ ಪಕ್ಕ ಕುರ್ಚಿ ಹಾಕಿಕೊಂಡು ಪೇಪರು ಓದಿದರು. ಪುಟ ತಿರುವಿದ್ದು ನಾನಂತೂ ಕಾಣಲಿಲ್ಲ. ರಾತ್ರಿಯೂ ಕಡಕ್ ರೊಟ್ಟಿಯನ್ನೇ ಕೇಳದೆ ಉಂಡರು.

ಮರುದಿನ ಮುಂಜಾನೆ ಮನೆ ಕಸ ಹೊಡೆದು, ಫ್ರಿಜ್ಜಿನ ಕೆಲಸ ಅರ್ಧಕ್ಕೇ ನಿಂತಿತ್ತಲ್ಲ ಎಂದು ಒದ್ದೆ ಟಾವೆಲ್ಲು ಹಿಂಡುತ್ತಿದ್ದೆ. ಫೋನು ರಿಂಗಾಯಿತು. ರೂಪಾ ಎತ್ತಿ ಸ್ಪೀಕರಿಗೆ ಹಾಕಿದಳು.

"ಅತ್ತೀ, ಒಳಗ ಬಂದೇವಿ."

ಸಾಕು. ಆಮೇಲೆ ಅವನು ಹೇಳಿದ್ದನ್ನು ನಾನು ಕೂತುಕೊಂಡೇ ಕೇಳಿದೆ. ಗಾಳಿ ತಿರುಗಿ ಥಂಡಿ ಹೆಚ್ಚಾಯಿತಂತೆ, ಮಳೆ ಹೋಗಿ ಮತ್ತೆ ಬರ್ಫ ಬಿತ್ತಂತೆ. ನಡುವಿನ ಖಣ ತಣ್ಣಗಾತು ಎಂದು ರೂಪಾ ಪಿಸುಗುಟ್ಟಿದಳು. ರಸ್ತೆಯವರು ಉಪ್ಪು, ಉಸುಕು ಚೆಲ್ಲಿ ಒಂದೊಂದೇ ಗಾಡಿಯನ್ನು ಹಳೂ ಹಳೂ ಬಿಟ್ಟರಂತೆ. ಮುಂದಿನ ಗಾಡಿಯನ್ನೂ ಎಳೆದು ಸೀದಾ ಮಾಡಿದರಂತೆ, ಯಾರಿಗೂ ಏನೂ ಆಗಿಲ್ಲ. ಈಗ ಸುರಂಗದ ಆಚೆ ಧಾಬೆಯಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತ ಕೂತಿದ್ದಾರೆ.

"ಒಂದು ಮಾತು, ಅತ್ತಿ," ಅಂದ. ದನಿ ಸಣ್ಣದಾಯಿತು. "ನಮ್ಮ ಗಾಡಿ ಏಳಲಿಲ್ಲ. ಗಾಲಿ ಬರೇ ತಿರಗಾಕತ್ತಿತ್ತು. ಗಾಲಿ ಕೆಳಗ ಮುತ್ಯಾನ ಕಂಬಳಿ ಹಾಸಿದ್ನಿ. ಕಂಬಳಿ ಹಿಡೀತು, ಗಾಡಿ ಎದ್ದು ಬಂತು. ಕಂಬಳಿ ಹರದು ಹೋತು. ಬೀರೋಬಾನ ಗದ್ದಿಗಿ ಅದು, ತುಳಿಬಾರ್ದು ಅಂತ ನೀನ ಹೇಳಿದ್ದಿ. ಪಾಪ ಹತ್ತತೈತೇನು?"

ನಮ್ಮಲ್ಲಿ ಕಂಬಳಿ ಅಂದರೆ ಹಾಗೇ. ದೇವರು ಕೂರುವುದು ಅದರ ಮೇಲೆ, ಪೂಜಾರಿ ಹೊರುವುದು ಅದನ್ನು, ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುತ್ತೇವೆ. ಲಾರಿಯ ಗಾಲಿ ಅದರ ಮೇಲೆ ಹಾಯುವುದು ನನ್ನ ಕಣ್ಣಿಗೆ ಕಟ್ಟಿತು. ಅದರ ಹಿಂದೆಯೇ ಎಳೆಮರಿಗಳನ್ನು ಅದರಲ್ಲಿ ಹೊತ್ತು ಬಂದ ಅಪ್ಪನೂ ಕಂಡ.

"ಹುಚ್ಚಾ," ಅಂದೆ. "ಮರಿ ಹೊತ್ತಿದ್ದ ಕಂಬಳಿ ಅದು. ಈಗ ನಿನ್ನ ಹೊತ್ತೈತಿ. ಹರದದ್ದನ್ನ ಒಗೀಬ್ಯಾಡ, ತಗೊಂಡು ಬಾ. ಕೂಸಿನ ತೊಟ್ಟಿಲಾಗ ಒಂದು ತುಂಡು ಹಾಕೋಣ."

"ಕೂಸಿಗೆ ಚುಚ್ಚತೈತಿ," ಅಂದಳು ನಂದಾ, ಅಳುತ್ತ ನಗುತ್ತ.

"ಚುಚ್ಚಲಿ. ಚಾದರಿನ ಕೆಳಗ ಹಾಕು."

ಹಿಂದಿನಿಂದ ನಮ್ಮನೆಯವರು ಕೂಗಿದರು: "ಏ, ಅವ ಒಳಗ ಬಂದಾನ ಅಂದ್ಯಲ್ಲಾ? ಹಂಚಿನ ಡ್ಯೂಟಿ ಮುಗೀತಿಲ್ಲೋ?"

ಮುಗಿದಿತ್ತು. ಒದ್ದೆ ಟಾವೆಲ್ಲು ಹಾಗೇ ಬಿಟ್ಟು ಗ್ಯಾಲರಿಗೆ ಹೋದೆ. ಹಂಚು ಎತ್ತಿದಾಗ ಅದರ ಕೆಳಗೆ ನೆಲದ ಮೇಲೆ ದುಂಡಗೆ ಒಂದು ಒಣ ಗುರುತು ಉಳಿದಿತ್ತು. ಸುತ್ತ ತುಳಸಿಗೆ ಹಾಕಿದ ನೀರು ಹರಿದಿತ್ತು, ಒಳಗೆ ಹೋಗಿರಲಿಲ್ಲ. ಭಂಡಾರವನ್ನು ಬೆರಳಿಗೆ ತೆಗೆದು ನಂದಾಳ ಹಣೆಗೆ, ಕೂಸಿನ ಹಣೆಗೆ, ಬೇಡ ಬೇಡ ಅನ್ನುತ್ತಲೇ ಬಗ್ಗಿದ ನಮ್ಮನೆಯವರ ಹಣೆಗೆ ಹಚ್ಚಿದೆ. ಹಂಚು ತೊಳೆದು ಗ್ಯಾಸಿನ ಮೇಲಿಟ್ಟೆ. ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದಿದೆ. ಹಂಚು ಕಾದಿದೆಯೋ ಎಂದು ನೋಡಲು ಬೆರಳು ಅದ್ದಿ ನೀರು ಚಿಮುಕಿಸಿದೆ. ಹನಿಗಳು ಮುಟ್ಟಿದ್ದೇ ತಡ, ಕುಣಿದಾಡಿ, ಆವಿಯಾಗಿ ಮೇಲೆ ಹೋದವು. ನಾನು ಮೊದಲ ರೊಟ್ಟಿ ತಟ್ಟತೊಡಗಿದೆ.